ಸ್ಮಾರ್ಟ್‌ಫೋನ್ ಇಲ್ಲದೆಯೂ ಕೀನ್ಯಾದಲ್ಲಿ ಮೊಬೈಲ್ ಹಣ ಗೆದ್ದಿದ್ದು ಹೇಗೆ?

ಮುಖ್ಯವಾಗಿ ಅಂಗಡಿಯವರಿಂದ. ಅಲ್ಲಿನ ಮೊಬೈಲ್ ಹಣದ ಸೇವೆಯಾದ ಎಂ-ಪೆಸಾದ ತಂತ್ರಜ್ಞಾನ ತೀರಾ ಸರಳ, ಸಿಮ್‌ನಲ್ಲೇ ಇರುವ ಒಂದು ಮೆನು ಅಷ್ಟೆ. ಅದನ್ನು ಜನರ ಹತ್ತಿರ ತಂದಿದ್ದು ಊರೂರಿನ ಏಜೆಂಟರು, ಅಂದರೆ ಈ ಸೇವೆಗಾಗಿ ನಗದು ಪಡೆಯುವ, ಕೊಡುವ ಅಂಗಡಿಯವರು.

ಕೀನ್ಯಾದ ಮೊಬೈಲ್ ಕಂಪನಿ ಸಫಾರಿಕಾಮ್ 2007ರಲ್ಲಿ ಇದನ್ನು ಶುರು ಮಾಡಿದಾಗ ಹಳ್ಳಿಗಳ ಹತ್ತಿರ ಬ್ಯಾಂಕ್ ಇರುವುದೇ ಅಪರೂಪ. ನೈರೋಬಿಯಲ್ಲಿ ದುಡಿಯುವ ಎಷ್ಟೋ ಜನ ಮನೆಗೆ ದುಡ್ಡನ್ನು ಬಸ್ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದರು. ದಾರಿಯಲ್ಲಿ ಕಳೆದರೆ ಹೋಯಿತು.

ಈಗ ಏನಾಗುತ್ತದೆ ನೋಡಿ. ಮಗ ನಗರದ ಏಜೆಂಟ್‌ಗೆ ನಗದು ಕೊಟ್ಟು ತನ್ನ ಫೋನ್‌ಗೆ ಹಣ ಹಾಕಿಸಿಕೊಂಡು, ಅಮ್ಮನ ನಂಬರಿಗೆ ಕಳಿಸುತ್ತಾನೆ. ಅಮ್ಮನಿಗೆ ಮೆಸೇಜ್ ಬರುತ್ತದೆ. ಆಕೆ ಹತ್ತಿರದ ಅಂಗಡಿಗೆ ಹೋಗಿ ಗುರುತಿನ ಚೀಟಿ ತೋರಿಸಿ, ತನ್ನ ಫೋನಿನಲ್ಲೇ ಪಿನ್ ಒತ್ತುತ್ತಾಳೆ. ಅಂಗಡಿಯವರ ಫೋನಿಗೂ ಮೆಸೇಜ್ ಬಂದ ಮೇಲೆ ನೋಟು ಎಣಿಸಿ ಕೊಡುತ್ತಾರೆ. ಏಜೆಂಟ್ ಮೊದಲೇ ತನ್ನ ಹಣ ಕಟ್ಟಿ ಅಷ್ಟೇ ಮೊತ್ತದ ಮೊಬೈಲ್ ಹಣ ಇಟ್ಟುಕೊಂಡಿರುತ್ತಾರೆ. ಹಾಗಾಗಿ ಸಾಲದ ಮಾತೇ ಇಲ್ಲ. ಪ್ರತಿ ವ್ಯವಹಾರಕ್ಕೂ ಅವರಿಗೆ ಕಮಿಷನ್ ಸಿಗುತ್ತದೆ.

ಇದು ಸುಮ್ನೆ ಅನುಕೂಲವಷ್ಟೇ ಅಲ್ಲ. ಕಾಯಿಲೆ ಬಂದಾಗ ದೂರದ ನೆಂಟರಿಂದ ಕೂಡಲೇ ಸಹಾಯ ಸಿಕ್ಕರೆ ಊಟಕ್ಕೆ ಕತ್ತರಿ ಹಾಕಬೇಕಿಲ್ಲ ಅಲ್ವಾ? ಎಂ-ಪೆಸಾದಿಂದ ಸುಮಾರು 1,94,000 ಕುಟುಂಬಗಳು ಕಡುಬಡತನದಿಂದ ಹೊರಬಂದವು ಎಂದು ಅರ್ಥಶಾಸ್ತ್ರಜ್ಞರಾದ ತವ್ನೀತ್ ಸೂರಿ ಮತ್ತು ವಿಲಿಯಂ ಜಾಕ್ 2016ರಲ್ಲಿ ಅಂದಾಜು ಮಾಡಿದರು. ಹೆಂಗಸರು ನಡೆಸುವ ಮನೆಗಳಿಗೆ ಲಾಭ ಇನ್ನೂ ಜಾಸ್ತಿ ಆಗಿತ್ತು.