400, 2000, 8000: ಅಡುಗೆ ಚಾಕು ಮಸೆಯಲು ಈ ಮೂರೂ ನೀರುಗಲ್ಲು ಬೇಕೇ?

ಬೇಡ. ನಿಮ್ಮ ಬಳಿ ಈಗಾಗಲೇ 1000 ಗ್ರಿಟ್‌ನ ಕಲ್ಲಿದೆ ಎಂದಿದ್ದೀರಿ. ಗ್ರಿಟ್ ಎಂದರೆ ಕಲ್ಲಿನ ತರಿಯ ಅಳತೆ, ಅಂಕಿ ದೊಡ್ಡದಾದಷ್ಟೂ ಕಲ್ಲು ನುಣುಪು. ಮುಂದಿನ ಆರು ತಿಂಗಳು ಬೇರೆ ಕಲ್ಲಿನ ಕಡೆ ಕಣ್ಣೆತ್ತಿಯೂ ನೋಡಬೇಡಿ. 'ಎಷ್ಟು ಮಸೆದರೂ ಹರಿತವಾಗುತ್ತಿಲ್ಲ, ಇನ್ನೂ ನುಣುಪಾದ ಕಲ್ಲು ತಂದರೆ ಸರಿಹೋಗಬಹುದೇ' ಎಂಬ ನಿಮ್ಮ ಸಾಲು ಓದಿದಾಗ, ನಾನೇ ಹಿಂದೊಮ್ಮೆ ಬರೆದ ಕಾಗದ ಸುತ್ತಾಡಿ ನನಗೇ ಬಂದು ತಲುಪಿದಂತಾಯಿತು.

ನಾನೂ 1000ದಿಂದಲೇ ಆರಂಭಿಸಿದವನು. ಯಾವುದೋ ವಿಡಿಯೊದಲ್ಲಿ ಆ ಬದಿಗೆ 20 ಸಲ, ಈ ಬದಿಗೆ 20 ಸಲ ಉಜ್ಜಿ ಎಂದಿದ್ದರು. ಮಗ್ಗಿ ಒಪ್ಪಿಸುವ ಹುಡುಗನ ಶ್ರದ್ಧೆಯಿಂದ ಎಣಿಸಿಕೊಂಡು ಉಜ್ಜಿದೆ. ಕಾಗದದ ಮೇಲೆ ಎಳೆದರೆ ಚಾಕು ಅದನ್ನು ಹರಿಯಿತೇ ಹೊರತು ಕತ್ತರಿಸಲಿಲ್ಲ. ದೋಷ ಕಲ್ಲಿನದು ಎಂದುಕೊಂಡು 3000ದ್ದನ್ನು ತಂದೆ. ಅದೂ ಸಾಲದೆ 8000ದ್ದನ್ನು ತಂದೆ. ಅಲಗಿನ ಅಂಚು ಕನ್ನಡಿಯಂತೆ ಹೊಳೆಯಿತು, ಕಂಡವರೆಲ್ಲ ಹೊಗಳಿದರು. ಆದರೆ ಟೊಮ್ಯಾಟೊ ಸಿಪ್ಪೆಯ ಮೇಲೆ ಇಟ್ಟರೆ ಜಾರುತ್ತಿತ್ತು. ಒಂದು ಸಂಜೆ ಹಾಗೆ ಜಾರಿದ ಚಾಕು ಎಡಗೈಯ ತೋರುಬೆರಳಿನ ಮೇಲೆ ಹೋಗಿ ನಿಂತಿತು. ಮೂರು ಹೊಲಿಗೆ ಬಿದ್ದವು. ಮೊಂಡು ಚಾಕನ್ನು ಒತ್ತಿ ಒತ್ತಿ ಹಿಡಿಯಬೇಕಾಗುತ್ತದೆ, ಒತ್ತಿದ್ದು ಜಾರಿದಾಗ ಬೆರಳನ್ನು ಮಾತ್ರ ಚೆನ್ನಾಗಿಯೇ ಕೊಯ್ಯುತ್ತದೆ.

ನನ್ನ ತಪ್ಪು ಆ ಎಣಿಕೆಯಲ್ಲಿತ್ತು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನನಗೆ ಒಂದು ವರ್ಷ ಹಿಡಿದದ್ದು ಇಷ್ಟನ್ನು ತಿಳಿಯಲು. ಅಲಗಿನ ಎರಡು ಇಳಿಜಾರುಗಳು ಒಂದು ಗೆರೆಯಲ್ಲಿ ಕೂಡುತ್ತವೆ, ಆ ಗೆರೆಯೇ ಚಾಕುವಿನ ಬಾಯಿ. ಬಳಸಿ ಬಳಸಿ ಅದು ಸವೆದು ದುಂಡಗಾಗುತ್ತದೆ. ಮಸೆಯುವುದೆಂದರೆ ಒಂದು ಇಳಿಜಾರಿನಿಂದ ಉಕ್ಕನ್ನು ತೆಗೆಯುತ್ತಾ ಹೋಗಿ ಆ ದುಂಡಗಿನ ಭಾಗವನ್ನು ಪೂರ್ತಿ ಇಲ್ಲವಾಗಿಸುವುದು. ಕಲ್ಲು ತುತ್ತತುದಿಯನ್ನು ಮುಟ್ಟಿದಾಗ ಉಕ್ಕಿನ ಒಂದು ನವಿರಾದ ಎಳೆ ಆಚೆ ಬದಿಗೆ ಮಡಚಿಕೊಂಡು ಏಳುತ್ತದೆ. ಇದನ್ನು ಬರ್ ಎನ್ನುತ್ತಾರೆ. ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಆ ಬದಿಯಲ್ಲಿ ಹೆಬ್ಬೆರಳನ್ನು ಚಾಕುವಿನ ಬೆನ್ನಿನ, ಅಂದರೆ ಬಾಯಿಗೆ ಎದುರಿನ ದಪ್ಪ ಅಂಚಿನ, ಕಡೆಯಿಂದ ಬಾಯಿಯ ಹೊರಕ್ಕೆ ಮೆಲ್ಲಗೆ ಸರಿಸಿದರೆ ತಡೆಯುತ್ತದೆ. ಅಂಚಿನ ಉದ್ದಕ್ಕೆ ಬೆರಳು ಎಳೆಯಬೇಡಿ, ಹೊಲಿಗೆಗಳ ವಿಷಯದಲ್ಲಿ ನಾನು ಅನುಭವಸ್ಥ.

ಆ ಎಳೆ ಏಳುವ ತನಕ ಬದಿ ಬದಲಿಸುವಂತಿಲ್ಲ. 20 ಸಲಕ್ಕೆ ಏಳಬಹುದು, ತೀರಾ ಮೊಂಡಾಗಿದ್ದರೆ 200 ಸಲವೂ ಬೇಕಾದೀತು. ಬಾವಿ ತೋಡುವವನು ನೀರು ಬರುವ ತನಕ ತೋಡುತ್ತಾನೆ, ಗುದ್ದಲಿಯ ಏಟು ಎಣಿಸಿ ಮನೆಗೆ ಹೋಗುವುದಿಲ್ಲ. ನಾನು ಹೋಗುತ್ತಿದ್ದೆ. ದುಂಡಗಿನ ಬಾಯಿಯನ್ನು ಹಾಗೆಯೇ ಬಿಟ್ಟು, ಉಕ್ಕನ್ನು ತೆಗೆಯುವ ಶಕ್ತಿಯೇ ಹೆಚ್ಚಿಲ್ಲದ 8000ದ ಕಲ್ಲಿನಲ್ಲಿ ಅದರ ಅಕ್ಕಪಕ್ಕಕ್ಕೆ ಹೊಳಪು ಕೊಡುತ್ತಿದ್ದೆ.

ಹಿಡಿಯ ಹತ್ತಿರದ ಮೂಲೆಯಿಂದ ಮೊನೆಯವರೆಗೆ ಒಂದೆಡೆಯೂ ತಪ್ಪದೆ ಎಳೆ ಎದ್ದಿರಬೇಕು. ತಪ್ಪುವುದು ಹೆಚ್ಚಾಗಿ ಆ ಎರಡು ತುದಿಗಳಲ್ಲೇ. ಆಮೇಲೆ ಇನ್ನೊಂದು ಬದಿಯಲ್ಲಿ ಉಜ್ಜಿ ಅದನ್ನು ಈಚೆಗೆ ಮರಳಿಸಿ. ಕೊನೆಗೆ ಚಾಕುವಿನ ಭಾರವಷ್ಟೇ ಬೀಳುವಂತೆ, ಆ ಬದಿ ಒಮ್ಮೆ ಈ ಬದಿ ಒಮ್ಮೆ ಸವರುತ್ತಾ ಅದನ್ನು ತೆಗೆದುಬಿಡಿ. ಉಳಿಸಿದರೆ ಚಾಕು ಮೊದಲ ದಿನ ಭಲೇ ಎನಿಸಿ, ಮರುದಿನ ಆ ಎಳೆ ಮಡಚಿಕೊಂಡು ಮತ್ತೆ ಮೊಂಡಾಗುತ್ತದೆ.

ಚಾಕನ್ನು ಕಲ್ಲಿನ ಮೇಲೆ ಎಷ್ಟು ಓರೆಯಾಗಿ ಹಿಡಿಯಬೇಕು ಎಂಬ ಕೋನದ ಬಗ್ಗೆ ಕೇಳಿದ್ದೀರಿ. ಗಟ್ಟಿ ಉಕ್ಕಿನ ತೆಳು ಜಪಾನಿ ಚಾಕುವಿಗೆ ಒಂದೊಂದು ಬದಿಗೆ ಸುಮಾರು 15 ಡಿಗ್ರಿ, ಮೆದು ಉಕ್ಕಿನ ಸಾಮಾನ್ಯ ಚಾಕುವಿಗೆ 20ರ ಆಸುಪಾಸು. ಅಲಗಿನ ಅಗಲ 45 ಮಿಲಿಮೀಟರ್ ಇದ್ದರೆ, 15 ಡಿಗ್ರಿಗೆ ಬೆನ್ನು ಕಲ್ಲಿನಿಂದ ಸುಮಾರು 12 ಮಿಲಿಮೀಟರ್ ಮೇಲಿರಬೇಕು. ಆದರೆ ಈ ಅಂಕಿಗಳಿಗಿಂತ, ಹಿಡಿದ ಕೋನ ಅಲುಗಾಡದಿರುವುದು ಮುಖ್ಯ. ಅಂಚಿಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದು ಎರಡು ಸಲ ಉಜ್ಜಿ ನೋಡಿ. ಶಾಯಿ ತುದಿಯಲ್ಲಿ ಉಳಿದು ಮೇಲೆ ಮಾತ್ರ ಹೋಗಿದ್ದರೆ ಬೆನ್ನನ್ನು ತೀರಾ ತಗ್ಗಿಸಿದ್ದೀರಿ, ತುದಿಯಲ್ಲಿ ಮಾತ್ರ ಹೋಗಿದ್ದರೆ ತೀರಾ ಎತ್ತಿದ್ದೀರಿ.

ಕಲ್ಲನ್ನು ಸದಾ ನೀರಿನಲ್ಲೇ ಇಡಬಹುದೇ ಎಂಬುದು ಕಲ್ಲಿನ ಜಾತಿಯನ್ನು ಅವಲಂಬಿಸಿದೆ. ಕೆಲವು ನೀರು ಕುಡಿಯುವ ಕಲ್ಲುಗಳು, ಗುಳ್ಳೆ ಏಳುವುದು ನಿಲ್ಲುವ ತನಕ ಹತ್ತು ಹದಿನೈದು ನಿಮಿಷ ನೆನೆಸಬೇಕು. ಇನ್ನು ಕೆಲವಕ್ಕೆ ಮೇಲೆ ನೀರು ಚಿಮುಕಿಸಿದರೆ ಸಾಕು, ಅಂಥವನ್ನು ದಿನಗಟ್ಟಲೆ ಮುಳುಗಿಸಿಟ್ಟರೆ ಮೆತ್ತಗಾಗಿ ಬಿರುಕು ಬಿಡಬಹುದು. ಜೊತೆಗೆ ಬಂದ ಸೂಚನೆಯನ್ನು ಓದಿ. ಯಾವ ಜಾತಿಯದಾದರೂ ನೆರಳಿನಲ್ಲೇ ಒಣಗಿಸಿ. ಎಣ್ಣೆ ಮಾತ್ರ ಹಾಕಬೇಡಿ, ಅದು ರಂಧ್ರಗಳಲ್ಲಿ ಕಟ್ಟಿಕೊಳ್ಳುತ್ತದೆ. ಉಜ್ಜುವಾಗ ಬರುವ ಬೂದು ಕೆಸರನ್ನು ಪದೇ ಪದೇ ತೊಳೆಯಬೇಡಿ, ಮಸೆಯುವ ಕೆಲಸದಲ್ಲಿ ಅದರದೂ ಪಾಲಿದೆ.

ಇನ್ನು ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ, 8000ದ ಬದಲು ಕಲ್ಲನ್ನು ಮಟ್ಟ ಮಾಡುವ ವಜ್ರದ ಪುಡಿಯ ತಟ್ಟೆ ಕೊಳ್ಳಿ. ನೀರುಗಲ್ಲು ಮೆದು, ನಡುವೆ ಬೇಗ ತಗ್ಗು ಬೀಳುತ್ತದೆ, ತಗ್ಗಿನ ಕಲ್ಲಿನಲ್ಲಿ ಕೋನ ನಿಲ್ಲುವುದಿಲ್ಲ. ಪೆನ್ಸಿಲಿನಿಂದ ಕಲ್ಲಿನ ಮೇಲೆ ಚೌಕಳಿ ಎಳೆದು, ಗೆರೆಗಳೆಲ್ಲ ಅಳಿಯುವ ತನಕ ತಟ್ಟೆಯಿಂದ ಉಜ್ಜಿ. 400 ಬೇಕಾಗುವುದು ಬಾಯಿ ಮುಕ್ಕಾದಾಗ. 8000ದ ಹೊಳಪು ಕ್ಷೌರದ ಕತ್ತಿಗೆ ಒಪ್ಪುತ್ತದೆ. ತರಕಾರಿಯ ಸಿಪ್ಪೆಯನ್ನು ಕಚ್ಚಿ ಹಿಡಿಯಲು 1000ದ ಕಲ್ಲು ಅಂಚಿನಲ್ಲಿ ಉಳಿಸುವ ಸಣ್ಣ ತರಿಯೇ ಮೇಲು ಎಂಬುದು ನನ್ನ ಹಟ. ನನ್ನ 8000ದ ಕಲ್ಲು ಹೊಸದರಂತೆಯೇ ಪೆಟ್ಟಿಗೆಯಲ್ಲಿದೆ.