ಜಾಮೀನು ಕೊಟ್ಟು ಕೂಡಿಹಾಕುವಂತಿಲ್ಲ

ಓದುಗರ ಪತ್ರ: ಪುಣೆಯಲ್ಲಿ ಪೋರ್ಷೆ ಕಾರು ಗುದ್ದಿಸಿ ಇಬ್ಬರ ಜೀವ ತೆಗೆದ ಆರೋಪ ಹೊತ್ತ ಹುಡುಗನನ್ನು ಬಾಂಬೆ ಹೈಕೋರ್ಟ್ ಬಿಟ್ಟು ಕಳಿಸಿದ್ದು ಎಷ್ಟು ಸರಿ? ಬಡವರ ಮಕ್ಕಳಿಗೂ ಈ ರಿಯಾಯಿತಿ ಇದೆಯೇ?

ಸಂಪಾದಕರ ಉತ್ತರ: ಮುನ್ನೂರು ಪದಗಳ ಪ್ರಬಂಧ ಬರೆಯಬೇಕೆಂದು ಜಾಮೀನಿಗೆ ಹಾಕಿದ ಆ ಷರತ್ತು ಕೇಳಿ ಸಿಟ್ಟಾಗದವರು ಕಡಿಮೆ. ಆದರೆ ಹುಡುಗ ತಪ್ಪಿತಸ್ಥನೇ ಎಂಬ ಪ್ರಶ್ನೆ ಹೈಕೋರ್ಟಿನ ಮುಂದೆ ಇರಲೇ ಇಲ್ಲ.

ಅಪಘಾತವಾದದ್ದು 2024ರ ಮೇ 19ರ ನಸುಕಿನಲ್ಲಿ. ಅಪ್ರಾಪ್ತರ ಪ್ರಕರಣ ನೋಡುವ ಬಾಲನ್ಯಾಯ ಮಂಡಳಿ ಅಂದೇ ಆ ಷರತ್ತಿನೊಂದಿಗೆ ಜಾಮೀನು ಕೊಟ್ಟಿತು. ಜನ ರೊಚ್ಚಿಗೆದ್ದರು. ಮೇ 22ಕ್ಕೆ ಅದೇ ಮಂಡಳಿ ಹುಡುಗನನ್ನು ಆರೋಪ ಹೊತ್ತ ಮಕ್ಕಳನ್ನು ಇರಿಸುವ ವೀಕ್ಷಣಾಲಯಕ್ಕೆ ಕಳಿಸಿ, ಅವಧಿಯನ್ನು ಬೆಳೆಸುತ್ತ ಹೋಯಿತು. ಜಾಮೀನು ಮಾತ್ರ ರದ್ದಾಗಿರಲಿಲ್ಲ! ಸೋದರತ್ತೆ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಅಕ್ರಮ ಬಂಧನದಿಂದ ಬಿಡಿಸಲು ಕೋರುವ ಅರ್ಜಿ ಹಾಕಿದರು. ನ್ಯಾಯಮೂರ್ತಿಗಳಾದ ಭಾರತಿ ಡಾಂಗ್ರೆ ಮತ್ತು ಮಂಜೂಷಾ ದೇಶಪಾಂಡೆ ಅವರ ಪೀಠ ಜೂನ್ 25ರಂದು ಆ ಬಂಧನ ಕಾನೂನುಬಾಹಿರ ಎಂದು ಹೇಳಿ, ಹುಡುಗನನ್ನು ಅತ್ತೆಯ ಸುಪರ್ದಿಗೆ ಒಪ್ಪಿಸಿತು. ಕೌನ್ಸೆಲಿಂಗ್ ಮುಂದುವರಿಯಬೇಕೆಂದೂ ಹೇಳಿತು.

2015ರ ಬಾಲನ್ಯಾಯ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಜಾಮೀನೇ ನಿಯಮ. ನಿರಾಕರಿಸಲು ಮೂರೇ ಕಾರಣ: ಹೊರಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುವ ಸಂಭವ, ಮಗುವಿನ ನೈತಿಕ, ದೈಹಿಕ ಅಥವಾ ಮಾನಸಿಕ ಸ್ಥಿತಿಗೆ ಅಪಾಯ, ಇಲ್ಲವೇ ನ್ಯಾಯದ ಉದ್ದೇಶಕ್ಕೇ ಭಂಗ. ಅಪರಾಧದ ಘೋರತೆ ಆ ಪಟ್ಟಿಯಲ್ಲಿಲ್ಲ. ಜಾಮೀನು ತಪ್ಪೆನಿಸಿದರೆ ಮೇಲಿನ ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ತನ್ನ ಆದೇಶವನ್ನು ತಿದ್ದಲು ಮಂಡಳಿಗೆ 104ನೇ ಸೆಕ್ಷನ್ ಕೊಡುವ ಅಧಿಕಾರ, ಮಗುವನ್ನು ಯಾವ ಸಂಸ್ಥೆಗೆ, ಯಾರ ಮೇಲ್ವಿಚಾರಣೆಗೆ ಕಳಿಸಬೇಕು ಎಂಬಷ್ಟಕ್ಕೇ ಸೀಮಿತ.

ವಯಸ್ಕನಂತೆ ವಿಚಾರಣೆ ನಡೆಸಬೇಕೆಂಬ ಕೂಗಿಗೂ ಉತ್ತರ ಕಾಯ್ದೆಯಲ್ಲೇ ಇದೆ. ಹದಿನಾರು ತುಂಬಿರಬೇಕು, ಅಪರಾಧಕ್ಕೆ ಕನಿಷ್ಠ 7 ವರ್ಷ ಶಿಕ್ಷೆ ಇರಬೇಕು. ಇಲ್ಲಿ ಹಾಕಿದ್ದ ಐಪಿಸಿ 304ಕ್ಕೆ (ಕೊಲೆಯಲ್ಲದ ನರಹತ್ಯೆ) ಗರಿಷ್ಠ ಶಿಕ್ಷೆ ಇತ್ತು, ಕನಿಷ್ಠ ಇರಲಿಲ್ಲ. ದೆಹಲಿಯ ಇಂಥದೇ ಕಾರು ಅಪಘಾತವೊಂದರಲ್ಲಿ 2020ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿತ್ತು. 2025ರ ಜುಲೈನಲ್ಲಿ ಪುಣೆಯ ಮಂಡಳಿ ಪೊಲೀಸರ ಅರ್ಜಿ ತಳ್ಳಿಹಾಕಿತು. ನಿಮ್ಮ ಸಿಟ್ಟಿಗೆ ಸರಿಯಾದ ಗುರಿ ಕೀಲಿಕೈ ಕೊಟ್ಟವರು: ಮೋಟಾರು ವಾಹನ ಕಾಯ್ದೆಯ 199ಎ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ.

ಇನ್ನು ಬಡವರ ಮಕ್ಕಳು. ಹಕ್ಕು ಅದೇ, ಕೇಳುವವರಿರುವುದಿಲ್ಲ. ಎಡವಟ್ಟು ಠಾಣೆಯಲ್ಲೇ ಶುರು: ಮುಖ ನೋಡಿ 19 ಎಂದು ಬರೆದುಬಿಟ್ಟರೆ ಹುಡುಗ ಲಾಕಪ್ಪಿಗೆ, ಅಲ್ಲಿಂದ ಜೈಲಿಗೆ. 10ನೇ ಸೆಕ್ಷನ್ ಎರಡನ್ನೂ ನಿಷೇಧಿಸುತ್ತದೆ. 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮನೆಯವರು ಮೊದಲು ಹಿಡಿದು ಓಡಬೇಕಾದದ್ದು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. 94ನೇ ಸೆಕ್ಷನ್ನಿನ ಈ ಸಾಲಿನಲ್ಲಿ ಆಧಾರ್ ಇಲ್ಲ. ಜಾಮೀನು ಸಿಕ್ಕರೂ ಶ್ಯೂರಿಟಿ ಹೊಂದಿಸಲಾಗದೆ 7 ದಿನ ಕಳೆದರೆ, ಷರತ್ತು ಸಡಿಲಿಸಲು ಮಗುವನ್ನು ಮತ್ತೆ ಮಂಡಳಿಯ ಮುಂದೆ ತರಬೇಕು. ವಯಸ್ಸಿನ ತಕರಾರನ್ನು ಯಾವ ಕೋರ್ಟಿನಲ್ಲಾದರೂ, ತೀರ್ಪು ಬಂದ ಮೇಲೂ ಎತ್ತಬಹುದು.