ಎಣ್ಣೆ ಜಾರಿನ ಕೊನೆಯ ಹನಿಗೆ ದಾರಿ ಎಲ್ಲಿ?

ಪ್ರಶ್ನೆ: ತಿಪಟೂರು ಹತ್ತಿರ ನಮ್ಮದೊಂದು ಚಿಕ್ಕ ಗಾಣ ಇದೆ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ತೆಗೆದು ಒಂದು ಲೀಟರ್ ಜಾರಿನಲ್ಲಿ ಮಾರುತ್ತೇವೆ. ಎಣ್ಣೆ ಬಗ್ಗೆ ಯಾರದೂ ದೂರಿಲ್ಲ, ಜಾರಿನ ಬಗ್ಗೆ ಎಲ್ಲರದೂ ದೂರು. ಪ್ರತಿ ಸಲ ಬಗ್ಗಿಸಿದಾಗಲೂ ಎಣ್ಣೆ ಜಾರಿನ ಮೈಮೇಲೆ ಇಳಿಯುತ್ತೆ, ಲೇಬಲ್ ನೆನೆದು ಕಿತ್ತುಬರುತ್ತೆ, ಅಡುಗೆ ಕಟ್ಟೆ ಜಿಡ್ಡಾಗುತ್ತೆ ಅಂತಾರೆ. ಮುಚ್ಚಳ ಬದಲಾಯಿಸಿದೆವು, ಒಳಗೆ ವಾಷರ್ ಕೂಡ ಹಾಕಿಸಿದೆವು. ಏನೂ ಪ್ರಯೋಜನವಾಗಲಿಲ್ಲ. ಸೋರದ ಜಾರ್ ನಾವೇ ಮಾಡಿಸೋಣ ಅಂತಿದ್ದೇವೆ. ಹೇಗಿರಬೇಕು?

ಉತ್ತರ: ಪ್ರಯೋಜನ ಆಗಲ್ಲ, ಯಾಕಂದ್ರೆ ಮುಚ್ಚಳಕ್ಕೆ ಕೆಲಸ ಇರುವುದು ಜಾರ್ ಮುಚ್ಚಿದ್ದಾಗ. ನಿಮ್ಮ ಎಣ್ಣೆ ಇಳಿಯುತ್ತಿರುವುದು ಜಾರ್ ತೆರೆದಿದ್ದಾಗ. ಇವೆರಡೂ ಬೇರೆ ಬೇರೆ ತೊಂದರೆ, ಮದ್ದೂ ಬೇರೆ. ಎಣ್ಣೆ ಇಳೀತು ಅಂದ ಕೂಡಲೇ ಎಲ್ಲರೂ ಮುಚ್ಚಳವನ್ನು ಇನ್ನೂ ಬಿಗಿ ಮಾಡಲು ಹೊರಡುತ್ತಾರೆ. ನೋಡಬೇಕಾದ್ದು ಮೂತಿಯನ್ನು.

ಬಗ್ಗಿಸುವಾಗ ಏನಾಗುತ್ತೆ ಅಂತ ಒಮ್ಮೆ ಪಕ್ಕದಿಂದ ನೋಡಿ. ಧಾರೆ ಜೋರಾಗಿರುವವರೆಗೆ ಎಲ್ಲ ಚೆನ್ನಾಗಿರುತ್ತೆ, ಎಣ್ಣೆ ಅಂಚು ಬಿಟ್ಟು ನೇರ ಬಾಣಲೆಗೆ ಬೀಳುತ್ತೆ. ನೀವು ಸಾಕು ಅಂತ ಜಾರನ್ನು ಎತ್ತುತ್ತೀರಲ್ಲ, ಆಗ ಧಾರೆ ನಿಧಾನವಾಗುತ್ತೆ. ಅಂಚಿನಿಂದ ಹಾರಿ ಬೀಳುವಷ್ಟು ವೇಗ ಉಳಿದಿರಲ್ಲ. ಎಣ್ಣೆ ಅಂಚಿನ ಸುತ್ತ ಬಾಗಿ ಮೂತಿಯ ಅಡಿಗೆ ಅಂಟಿಕೊಂಡು ಕೆಳಗೆ ಹರಿಯುತ್ತೆ. ಟೀ ಕೆಟಲ್‌ನಲ್ಲೂ ಆಗುವುದು ಇದೇ, ಹಾಗಾಗಿ ವಿಜ್ಞಾನಿಗಳು ಇದನ್ನು ಟೀಪಾಟ್ ಎಫೆಕ್ಟ್ ಅಂತಲೇ ಕರೆಯುತ್ತಾರೆ. ಮಾರ್ಕಸ್ ರೈನರ್ ಎಂಬುವರು 1956ರಲ್ಲಿ ಇದರ ಬಗ್ಗೆ ಬರೆದರು. ಮರುವರ್ಷ ಜೋಸೆಫ್ ಕೆಲ್ಲರ್ ಎಂಬ ಗಣಿತಜ್ಞರು ಲೆಕ್ಕ ಹಾಕಿ ಕಾರಣ ಹುಡುಕಿದರು. ಹನಿ ಇಳಿಯದ ಮೂತಿ ಹೇಗಿರಬೇಕು ಅಂತ ಲೆಕ್ಕ ಹಾಕಿದ್ದಕ್ಕೆ ಕೆಲ್ಲರ್ ಮತ್ತು ಅವರ ಜೊತೆಗಾರ ವಾಂಡೆನ್-ಬ್ರೂಕ್ ಅವರಿಗೆ 1999ರಲ್ಲಿ ಇಗ್ ನೊಬೆಲ್ ಬಂತು. ಅದು ನಗಿಸುವ ಬಹುಮಾನ ನಿಜ, ಆದರೆ ಲೆಕ್ಕ ತಮಾಷೆಯದ್ದಲ್ಲ.

ಎಣ್ಣೆಯ ವಿಷಯದಲ್ಲಿ ತೊಂದರೆ ಇನ್ನೂ ಜಾಸ್ತಿ. ನೀರಿಗಿಂತ ಐವತ್ತು ಪಟ್ಟಿನ ಆಸುಪಾಸು ಮಂದ. ಮೇಲ್ಮೈ ಎಳೆತ, ಅಂದರೆ ಹರಡದೆ ಹನಿಯಾಗಿ ಬಿಗಿಹಿಡಿದುಕೊಳ್ಳುವ ಗುಣ, ನೀರಿನದ್ದಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ, ಹಾಗಾಗಿ ಗಾಜು, ಸ್ಟೀಲ್, ಪ್ಲಾಸ್ಟಿಕ್ ಯಾವುದರ ಮೇಲಾದರೂ ಹರಡಿಕೊಂಡು ಬಿಡುತ್ತೆ. ಎಣ್ಣೆ ಅಂಟದ ವಸ್ತು ಹುಡುಕಿಕೊಂಡು ಹೋಗಬೇಡಿ. ಅಡುಗೆಮನೆಗೆ ಒಗ್ಗುವಂಥದ್ದು, ನಿಮ್ಮ ಬೆಲೆಗೆ ಸಿಗುವಂಥದ್ದು ಇಲ್ಲ.

ಹಾಗಾದರೆ ಮಾಡುವುದೇನು? ಮೊದಲನೆಯದು ಅಂಚು. ಮೂತಿಯ ತುದಿ ತೆಳ್ಳಗಿರಬೇಕು, ಚೂಪಾಗಿರಬೇಕು, ಸ್ವಲ್ಪ ಹೊರಗೆ ಕೆಳಕ್ಕೆ ಬಾಗಿರಬೇಕು. ಗುಂಡಗಿನ ದಪ್ಪ ಅಂಚು ಇದ್ದರೆ ಎಣ್ಣೆಗೆ ತಿರುಗಿ ಬರಲು ನೀವೇ ರಸ್ತೆ ಹಾಕಿಕೊಟ್ಟಂತೆ. ಅಂಚಿನ ತಿರುವು ಅರ್ಧ ಮಿಲಿಮೀಟರ್ ಒಳಗಿರಲಿ ಅಂತ ಡ್ರಾಯಿಂಗ್‌ನಲ್ಲೇ ಬರೆಸಿ. ಬಾಯಲ್ಲಿ ಹೇಳಿದರೆ ಸಾಲದು. ಅಚ್ಚು ಮಾಡುವವರಿಗೆ ಚೂಪು ಅಂಚು ಕಂಡರೆ ಕೈ ತಡೆಯಲ್ಲ, ಕೈಗೆ ಚುಚ್ಚೀತು ಅಂತ ಉಜ್ಜಿ ನುಣ್ಣಗೆ ಮಾಡಿಬಿಡುತ್ತಾರೆ, ಕೆಲಸ ಅಚ್ಚುಕಟ್ಟಾಗಿ ಕಾಣುತ್ತೆ, ಜಾರ್ ಮಾತ್ರ ಸೋರುತ್ತೆ.

ಅಂಚು ಎಷ್ಟೇ ಚೆನ್ನಾಗಿದ್ದರೂ ಕೊನೆಯಲ್ಲಿ ಒಂದು ಹನಿ ಉಳಿದೇ ಉಳಿಯುತ್ತೆ. ಅದನ್ನು ತಡೆಯಲು ಹೋಗಬೇಡಿ, ಅದು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸಿ. ನನ್ನ ಪ್ರಕಾರ ಒಳ್ಳೆ ಜಾರಿಗೂ ಕೆಟ್ಟ ಜಾರಿಗೂ ಇರುವ ವ್ಯತ್ಯಾಸ ಇಷ್ಟೇ.

ಬಟ್ಟೆ ಒಗೆಯುವ ಲಿಕ್ವಿಡ್‌ನ ದೊಡ್ಡ ಬಾಟಲಿ ಮನೆಯಲ್ಲಿದ್ದರೆ ಮುಚ್ಚಳ ತೆಗೆದು ಒಳಗೆ ನೋಡಿ. ಕತ್ತಿನ ಒಳಗೆ ಇನ್ನೊಂದು ಸಣ್ಣ ಮೂತಿ ನಿಂತಿರುತ್ತೆ. ಅದರ ಸುತ್ತ ಒಂದು ಕಾಲುವೆ. ಆ ಕಾಲುವೆ ಮಟ್ಟವಾಗಿ ಇರಲ್ಲ, ಹಿಂದಕ್ಕೆ ಇಳಿಜಾರಾಗಿರುತ್ತೆ. ತಗ್ಗಿನಲ್ಲಿ ಒಂದು ಸೀಳು ಅಥವಾ ತೂತು. ಮೂತಿಯಿಂದ ಇಳಿದ ಹನಿ ಕಾಲುವೆಗೆ ಬೀಳುತ್ತೆ, ಹರಿದು ಹಿಂದೆ ಬಂದು ತೂತಿನಿಂದ ವಾಪಸ್ ಬಾಟಲಿಯೊಳಕ್ಕೆ ಹೋಗುತ್ತೆ. ಹೊರಮೈಗೆ ಬರುವ ದಾರಿಯೇ ಇಲ್ಲ. ನಿಮಗೆ ಬೇಕಿರುವುದು ಇದೇ ಏರ್ಪಾಡು, ಎಣ್ಣೆಗೆ ಒಗ್ಗುವ ಅಳತೆಯಲ್ಲಿ.

ಆ ಹಿಂದಿನ ತೂತು ಇನ್ನೊಂದು ಕೆಲಸವನ್ನೂ ಮಾಡುತ್ತೆ. ಜಾರ್ ಬಗ್ಗಿಸಿದಾಗ ಹಿಂಭಾಗ ಮೇಲಾಗುತ್ತೆ ಅಲ್ವಾ, ಆಗ ಅದೇ ತೂತಿನಿಂದ ಗಾಳಿ ಒಳಗೆ ಹೋಗುತ್ತೆ. ಗಾಳಿ ಹೋಗದಿದ್ದರೆ ಎಣ್ಣೆ ಒಂದೇ ಸಮ ಬರಲ್ಲ, ಬಿಕ್ಕಿ ಬಿಕ್ಕಿ ಬರುತ್ತೆ. ತೂತನ್ನು ತೀರಾ ಸಣ್ಣ ಮಾಡಬೇಡಿ. 1 ಮಿಲಿಮೀಟರ್ ತೂತಿನಲ್ಲಿ ಎಣ್ಣೆ ತುಂಬಿ ಕೂತರೆ ಅದನ್ನು ಸರಿಸಿ ಗಾಳಿ ನುಗ್ಗಲು ಸುಮಾರು ಒಂದೂವರೆ ಸೆಂಟಿಮೀಟರ್ ಎತ್ತರದ ಎಣ್ಣೆಯ ಒತ್ತಡ ಬೇಕು. 3 ಮಿಲಿಮೀಟರ್ ಆದರೆ ಅರ್ಧ ಸೆಂಟಿಮೀಟರ್ ಸಾಕು. ಜಾರ್ ಖಾಲಿಯಾಗುತ್ತಾ ಬಂದಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ. ನಾನಾದರೆ 3ರಿಂದ 4 ಮಿಲಿಮೀಟರ್ ಕೊಡುತ್ತೇನೆ.

ಕೊಬ್ಬರಿ ಎಣ್ಣೆಗೆ ಇದೂ ಸಾಲದು. ಅದು 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಗಟ್ಟಿಯಾಗುತ್ತೆ, ಡಿಸೆಂಬರ್ ಬೆಳಗ್ಗೆ ನಿಮ್ಮ ಊರಲ್ಲಿ ಜಾರಿನೊಳಗೆ ಬಿಳಿ ಗಡ್ಡೆ ಕೂತಿರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಆಗ ಮೂತಿಯೂ ಮುಚ್ಚುತ್ತೆ, ತೂತೂ ಮುಚ್ಚುತ್ತೆ, ಗಿರಾಕಿ ಚಾಕು ಹಾಕಿ ಕೆದಕುತ್ತಾರೆ. ಕೊಬ್ಬರಿ ಎಣ್ಣೆಗೆ ಚಮಚ ಹೋಗುವಷ್ಟು ಅಗಲ ಬಾಯಿಯ ಜಾರೇ ಸರಿ. ಮೂತಿಯ ಜಾರ್ ಕಡಲೆಕಾಯಿ ಎಣ್ಣೆಗೆ ಇಟ್ಟುಕೊಳ್ಳಿ. ಎರಡಕ್ಕೂ ಒಂದೇ ಜಾರ್ ಅಂತ ಉಳಿತಾಯ ಮಾಡಲು ಹೋದರೆ ಎರಡೂ ಕಡೆ ಬೈಸಿಕೊಳ್ಳುತ್ತೀರಿ.

ಈಗ ಮುಚ್ಚಳಕ್ಕೆ ಬರೋಣ, ಅಂಗಡಿಗೆ ಕಳಿಸುವಾಗ ಲಾರಿಯಲ್ಲಿ ಜಾರ್ ಅಡ್ಡ ಬೀಳುವುದಂತೂ ಇದ್ದೇ ಇದೆ. ಮುಚ್ಚಳದ ಥ್ರೆಡ್, ಅಂದರೆ ತಿರುಪಿನ ಗೆರೆಗಳು, ಸೋರಿಕೆ ತಡೆಯುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ, ಥ್ರೆಡ್ ಬರೀ ಒತ್ತಿ ಹಿಡಿಯುತ್ತೆ. ತಡೆಯುವುದು ವಾಷರ್ ಮತ್ತು ಜಾರಿನ ಬಾಯಿಯ ಅಂಚು ಒಂದಕ್ಕೊಂದು ಕೂಡುವ ಜಾಗ. ನಿಮ್ಮ ಈಗಿನ ಜಾರಿನ ಬಾಯಿಯ ಮೇಲೆ ಉಗುರಿನ ತುದಿ ಇಟ್ಟು ಮೆಲ್ಲಗೆ ಒಂದು ಸುತ್ತು ಎಳೆಯಿರಿ. ಎದುರು ಬದುರು ಎರಡು ಕಡೆ ಸಣ್ಣಗೆ ತಡೆದಂತೆ ಆದರೆ ಅದು ಅಚ್ಚಿನ ಎರಡು ಭಾಗ ಕೂಡಿದ ಗೆರೆ. ಕಣ್ಣಿಗೆ ಕಾಣುವುದೇ ಕಷ್ಟ, ಎಣ್ಣೆಗೆ ಮಾತ್ರ ಅದು ಹೆದ್ದಾರಿ. ಎಂಥ ವಾಷರ್ ಹಾಕಿದರೂ ಅಲ್ಲಿಂದ ಜಿನುಗುತ್ತೆ. ಬಾಯಿ ಮಟ್ಟವಾಗಿ, ಗೆರೆ ಇಲ್ಲದೆ ಬರಬೇಕು ಅಂತ ಜಾರ್ ಕೊಡುವವರಿಗೆ ಹೇಳಿ, ಗೆರೆ ಇರುವ ಮಾಲು ವಾಪಸ್ ಕಳಿಸಿ. ವಾಷರ್ ಫುಡ್ ಗ್ರೇಡ್ ಸಿಲಿಕೋನ್ ಇರಲಿ, ಬಿಗಿದಾಗ ಅದರ ದಪ್ಪ ಐದರಲ್ಲೊಂದು ಭಾಗದಷ್ಟು ಅಮುಕಬೇಕು. ಸಾಮಾನ್ಯ ರಬ್ಬರ್ ಬೇಡ, ಎಣ್ಣೆ ಕುಡಿದು ಊದಿಕೊಳ್ಳುತ್ತೆ.

ಇನ್ನು ಖರ್ಚಿನ ಮಾತು. ಪೂರ್ತಿ ಜಾರ್ ನೀವು ಮಾಡಿಸಬೇಡಿ. ಚಿಕ್ಕ ಗಾಣಕ್ಕೆ ಜಾರಿನ ಅಚ್ಚು, ಮುಚ್ಚಳದ ಅಚ್ಚು ಎರಡರ ಹೊರೆ ಬೇಡ. ಮಾರುಕಟ್ಟೆಯಲ್ಲಿ ಸಿಗುವ 38 ಮಿಲಿಮೀಟರ್ ಬಾಯಿಯ ಜಾರ್ ತಗೊಳ್ಳಿ, ಬಾಯಿಗೆ ಒತ್ತಿ ಕೂರಿಸುವ ಒಳಮೂತಿ ಒಂದನ್ನು ಮಾತ್ರ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ನಲ್ಲಿ ಮಾಡಿಸಿ. ಅದೂ ಮೊದಲು ಸಿದ್ಧ ಒಳಮೂತಿಗಳನ್ನು ತರಿಸಿ ನಿಮ್ಮ ಎಣ್ಣೆ ಹಾಕಿ ನೋಡಿದ ಮೇಲೆ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಜಾರಿಗೆ ಬಣ್ಣದ ಸೋಪು ನೀರು ತುಂಬಿ, ಮುಚ್ಚಿ, ಪೇಪರ್ ಮೇಲೆ ಒಂದು ರಾತ್ರಿ ತಲೆಕೆಳಗೆ ನಿಲ್ಲಿಸಿ. ಬರೀ ನೀರು ಬೇಡ, ಅದು ಸಣ್ಣ ಸಂದಿಯಲ್ಲಿ ನಿಂತುಬಿಡುತ್ತೆ, ಸೋಪು ನೀರು ನುಗ್ಗುತ್ತೆ. ಆಮೇಲೆ ಅರ್ಧ ತುಂಬಿದ ಜಾರನ್ನು ಬಿಸಿಲಲ್ಲಿ ಅಡ್ಡ ಮಲಗಿಸಿ, ಒಳಗಿನ ಗಾಳಿ 20ರಿಂದ 40 ಡಿಗ್ರಿಗೆ ಬಿಸಿಯಾದರೆ ಒತ್ತಡ ಸುಮಾರು ಶೇ 7ರಷ್ಟು ಏರುತ್ತೆ, ತಂಪಲ್ಲಿ ಪಾಸಾದ ಎಷ್ಟೋ ಜಾರುಗಳು ಇಲ್ಲಿ ಫೇಲ್ ಆಗುತ್ತವೆ. ಮೂತಿಯ ಪರೀಕ್ಷೆಗೆ ಎಣ್ಣೆಯನ್ನೇ ಬಳಸಿ. ಚಮಚ ಚಮಚವಾಗಿ ಹತ್ತಾರು ಸಲ ಬಗ್ಗಿಸಿ, ಹೊರಮೈಯನ್ನು ಟಿಶ್ಯೂ ಕಾಗದದಿಂದ ಒರೆಸಿ, ಒರೆಸುವ ಮೊದಲು ಮತ್ತು ಆಮೇಲೆ ಆ ಕಾಗದವನ್ನು ಚಿನ್ನ ತೂಗುವ ಸಣ್ಣ ತಕ್ಕಡಿಯಲ್ಲಿ ತೂಗಿ. ಎರಡು ಮೂತಿಗಳಲ್ಲಿ ಯಾವುದು ಮೇಲು ಅಂತ ಜಗಳವೇ ಇರಲ್ಲ.

ಪ್ರಶ್ನೆ: ಹಾವೇರಿಯಿಂದ ಬರೆಯುತ್ತಿದ್ದೇವೆ. ನಮ್ಮ ಸ್ವಸಹಾಯ ಸಂಘದಲ್ಲಿ ಬಿಳಿ ಫಿನೈಲ್, ಪಾತ್ರೆ ತೊಳೆಯುವ ಲಿಕ್ವಿಡ್, ಬ್ಲೀಚ್ ನೀರು ಮಾಡುತ್ತೇವೆ. ಖರ್ಚು ಕಡಿಮೆ ಅಂತ ಹಳೆ ಕುಡಿಯುವ ನೀರಿನ ಬಾಟಲಿ, ಅಗ್ಗದ ತೆಳು ಕ್ಯಾನ್ ಬಳಸುತ್ತೇವೆ. ಪಾತ್ರೆ ಲಿಕ್ವಿಡ್ ಹಾಕಿದ ಕ್ಯಾನ್‌ಗಳು ಕೆಲವು ವಾರದಲ್ಲಿ ಬುಡದಲ್ಲಿ ಬಿರುಕು ಬಿಡುತ್ತವೆ. ಬ್ಲೀಚ್ ಬಾಟಲಿ ಊದುತ್ತೆ. ಯಾವ ಜಾರ್ ತಗೊಳ್ಳೋಣ ಸರ್?

ಉತ್ತರ: ಮೊದಲು ನೀರಿನ ಬಾಟಲಿ ಬಿಡಿ, ಇವತ್ತೇ. ಬಿಳಿ ಫಿನೈಲ್ ನೋಡಲು ಥೇಟ್ ಹಾಲು. ನೀರಿನ ಬಾಟಲಿಯಲ್ಲಿ ಹಾಕಿಟ್ಟರೆ ಮಗುವೋ ಕಣ್ಣು ಮಂಜಾದ ಅಜ್ಜಿಯೋ ಕುಡಿಯಲು ಎಷ್ಟು ಹೊತ್ತು ಬೇಕು? ಸೋರಿಕೆಯ ಮಾತೆಲ್ಲ ಇದರ ಆಮೇಲೆ.

ಬಿರುಕಿಗೆ ಕಾರಣ ಸೋಪು. ಪಾಲಿಥೀನ್ ಕ್ಯಾನ್‌ನ ಬುಡದ ಮೂಲೆ, ಹಿಡಿಯ ಸಂದು, ಕತ್ತಿನ ಬುಡ ಇಲ್ಲೆಲ್ಲ ಪ್ಲಾಸ್ಟಿಕ್ ಒಳಗೊಳಗೇ ಎಳೆದುಕೊಂಡಿರುತ್ತೆ. ಸೋಪಿನ ದ್ರವ ಅಲ್ಲಿ ಹೊಕ್ಕು ನಿಧಾನವಾಗಿ ಸೀಳುತ್ತೆ. ಬರೀ ನೀರು ಹಾಕಿದ್ದರೆ ಅದೇ ಕ್ಯಾನ್ ವರ್ಷಗಟ್ಟಲೆ ಇರುತ್ತಿತ್ತು. ಕ್ಯಾನ್ ಕೊಡುವವರ ಹತ್ತಿರ ಡಿಟರ್ಜೆಂಟ್‌ಗೆ ಆಗುವ ಎಚ್‌ಡಿಪಿಇ (ಗಟ್ಟಿ ಬಗೆಯ ಪಾಲಿಥೀನ್) ಬೇಕು ಅಂತ ಕೇಳಿ. ಗೋಡೆ ದಪ್ಪ ಇರಲಿ, ಮೂಲೆಗಳು ಗುಂಡಗಿರಲಿ. ಮೂತಿಯ ಅಂಚು ಚೂಪು, ಬುಡದ ಮೂಲೆ ಗುಂಡು, ಇದನ್ನು ಅದಲು ಬದಲು ಮಾಡಿದ ಜಾರುಗಳೇ ಅಂಗಡಿಯಲ್ಲಿ ಜಾಸ್ತಿ.

ಬ್ಲೀಚ್ ಊದುವುದು ಸಹಜ. ಅದು ಇಟ್ಟಲ್ಲೇ ನಿಧಾನವಾಗಿ ಒಡೆದು ಆಮ್ಲಜನಕ ಬಿಡುತ್ತೆ, ಬಿಸಿಲು ಬಿದ್ದರೆ ಇನ್ನೂ ಬೇಗ. ಗಾಳಿ ಬಿಟ್ಟು ದ್ರವ ತಡೆಯುವ ವೆಂಟ್ ಮುಚ್ಚಳ ಅಂತಲೇ ಸಿಗುತ್ತೆ, ಅದನ್ನು ಹಾಕಿ. ಬೆಳಕು ಹೋಗದ ಎಚ್‌ಡಿಪಿಇ ಬಾಟಲಿ ಬಳಸಿ. ಸ್ಟೀಲ್ ಬೇಡವೇ ಬೇಡ, ತೂತು ಬೀಳುತ್ತೆ. ಬ್ಲೀಚ್ ಬಾಟಲಿಯ ಆಕಾರ, ಬಣ್ಣ ಬೇರೆ ಎಲ್ಲದಕ್ಕಿಂತ ಬೇರೆ ಇಡಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಉಳಿದ ಬಾಟಲಿಗೆ ಯಾರಾದರೂ ಬ್ಲೀಚ್ ತುಂಬಿದರೆ ಕ್ಲೋರಿನ್ ಅನಿಲ ಏಳುತ್ತೆ, ಸಣ್ಣ ಬಚ್ಚಲಲ್ಲಿ ಅದು ಜೀವಕ್ಕೇ ಸಂಚಕಾರ. ನೀವು ಮಾಡುವ ಫಿನೈಲ್, ಪಾತ್ರೆ ಲಿಕ್ವಿಡ್, ಬ್ಲೀಚ್ ಮೂರಕ್ಕೂ ಒತ್ತಿ ತಿರುಗಿಸಿದರೆ ಮಾತ್ರ ತೆರೆಯುವ ಮುಚ್ಚಳ ಹಾಕಿಸಿದರೆ ಒಳ್ಳೆಯದು. ಸ್ವಲ್ಪ ದುಬಾರಿ, ಆದರೂ ಹಾಕಿಸಿ.

ಪ್ರಶ್ನೆ: ಬಳ್ಳಾರಿಯಲ್ಲಿ ಸಣ್ಣ ಹೋಟೆಲ್ ಇದೆ. ದೊಡ್ಡ ಕ್ಯಾನ್‌ನಿಂದ ಎಣ್ಣೆ ಬಗ್ಗಿಸುವಾಗ ಗುಳುಗುಳು ಅಂತ ಎರಚಿ ನೆಲವೆಲ್ಲ ಎಣ್ಣೆ. ಏನಾದ್ರೂ ಉಪಾಯ?

ಉತ್ತರ: ಎಣ್ಣೆ ಟಿನ್ ಆದರೆ ನಿಮ್ಮ ಅಡುಗೆಯವರಿಗೇ ಉಪಾಯ ಗೊತ್ತಿರುತ್ತೆ, ಎದುರು ಬದುರು ಮೂಲೆಗೆ ಎರಡು ತೂತು ಹೊಡೆಯುತ್ತಾರೆ. ಒಂದರಲ್ಲಿ ಎಣ್ಣೆ ಹೊರಗೆ, ಇನ್ನೊಂದರಲ್ಲಿ ಗಾಳಿ ಒಳಗೆ. ಒಂದೇ ಬಾಯಿಯ ಪ್ಲಾಸ್ಟಿಕ್ ಕ್ಯಾನ್ ಆದರೆ ಹಿಡಿಯುವ ರೀತಿ ಬದಲಾಯಿಸಿ. ಬಾಯಿ ಒಂದು ಪಕ್ಕಕ್ಕೆ ಇರುತ್ತಲ್ಲ, ಬಗ್ಗಿಸುವಾಗ ಆ ಪಕ್ಕ ಮೇಲೆ ಬರಲಿ, ಕೆಳಗಲ್ಲ. ನೋಡಲು ತಿರುಗಾಮುರುಗಾ ಅನಿಸುತ್ತೆ. ಆದರೆ ಎಣ್ಣೆ ಬಾಯಿಯನ್ನು ಪೂರ್ತಿ ತುಂಬುವುದಿಲ್ಲ, ಮೇಲಿನ ಅರ್ಧದಿಂದ ಗಾಳಿ ಹೋಗುತ್ತಿರುತ್ತೆ, ಧಾರೆ ಒಂದೇ ಸಮ ಬರುತ್ತೆ.

ಪ್ರಶ್ನೆ: ಹಾಲಿನ ಜಗ್ಗಿನ ಮೂತಿಗೆ ಬೆಣ್ಣೆ ಸವರಿದರೆ ಹಾಲು ಕೆಳಗೆ ಇಳಿಯಲ್ಲ ಅಂತ ನಮ್ಮತ್ತೆ ಹೇಳುತ್ತಾರೆ. ನಿಜವಾ? ಎಣ್ಣೆ ಜಾರಿಗೂ ಸವರಬಹುದಾ? — ಮೈಸೂರಿನ ಓದುಗರು

ಉತ್ತರ: ಹಾಲಿಗೆ ನಿಜ. ಹಾಲಿನಲ್ಲಿ ಬಹುಪಾಲು ನೀರು, ನೀರಿಗೆ ಜಿಡ್ಡು ಆಗಲ್ಲ, ಹಾಗಾಗಿ ಅಂಚಿನ ಅಡಿಗೆ ಅಂಟುವುದು ಕಡಿಮೆಯಾಗುತ್ತೆ. 2010ರಲ್ಲಿ ಫ್ರಾನ್ಸ್‌ನ ವಿಜ್ಞಾನಿಗಳು ಇದನ್ನೇ ಇನ್ನೊಂದು ಬಗೆಯಲ್ಲಿ ತೋರಿಸಿದರು, ಮೇಲ್ಮೈ ನೀರನ್ನು ಎಷ್ಟು ದೂರ ತಳ್ಳುತ್ತೋ ಧಾರೆ ಅಷ್ಟು ಸುಲಭವಾಗಿ ಬಿಟ್ಟುಕೊಳ್ಳುತ್ತೆ ಅಂತ. ಮೂತಿಯ ಕೆಳಭಾಗಕ್ಕೆ ಬೆರಳ ತುದಿಯಷ್ಟು ಸವರಿದರೆ ಸಾಕು. ಬಿಸಿ ಹಾಲಾದರೆ ಬೆಣ್ಣೆ ಕರಗಿ ಹೋಗುತ್ತೆ, ಮತ್ತೆ ಸವರಬೇಕು. ಎಣ್ಣೆ ಜಾರಿಗೆ ಸವರಬೇಡಿ. ಎಣ್ಣೆಗೆ ಬೆಣ್ಣೆ ನೆಂಟನೇ, ಇನ್ನೂ ಚೆನ್ನಾಗಿ ಅಂಟುತ್ತೆ. ಅಲ್ಲಿ ಬೇರೆ ಉಪಾಯ ಮಾಡಿ: ಜಾರನ್ನು ನಿಧಾನವಾಗಿ ಎತ್ತುವ ಬದಲು ಸಟಕ್ಕನೆ ಎತ್ತಿ, ಎತ್ತುವಾಗಲೇ ಮಣಿಕಟ್ಟು ಸ್ವಲ್ಪ ತಿರುಗಿಸಿ. ಧಾರೆ ನಿಧಾನವಾಗುವ ಹೊತ್ತು ಎಷ್ಟು ಕಡಿಮೆಯೋ ಜಾರಿನ ಮೈಗೆ ಇಳಿಯುವ ಎಣ್ಣೆಯೂ ಅಷ್ಟು ಕಡಿಮೆ.